ದೊಡ್ಡವ್ವನ ಅಂಗೈ ಮತ್ತು ಮಣ್ಣಿನ ಹುಡೇವು

ನಮ್ಮೂರಿನ ಹುಡೇವನ್ನು ಕೆಡಿಸಿದವರು ನೀವು. ಕೆಡಿಸಿದಳೆಂದು ನೋಟೀಸು ಕೊಟ್ಟದ್ದು ನನ್ನ ದೊಡ್ಡವ್ವನಿಗೆ. ಸ್ಮಾರಕಗಳ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ, ನೂರಾರು ಮಳೆಗಾಲ ಕಂಡ ಮಣ್ಣಿನ ಗೋಡೆಗೆ ಸಿಮೆಂಟು ಬಳಿಯುವ ಕಾಗದಕ್ಕೆ ಸಹಿ ಮಾಡಿದ ಕೈ ನಿಮ್ಮಲ್ಲೊಬ್ಬರದು. ಆ ಕೈ ಇಂದಿಗೂ ಸಹಿ ಮಾಡುತ್ತಲೇ ಇದೆ. ಮಣ್ಣು ಮೆತ್ತಿದ ಕೈಗೆ ಮಾತ್ರ ಹದಿನೈದು ದಿನಗಳ ಗಡುವು ಬಂದಿದೆ. ಆ ಗಡುವಿನೊಳಗೆ ದೊಡ್ಡವ್ವನೂ ನಾನೂ ಮೂರು ದಿನ ಕೋಟೆಗಳನ್ನು ನೋಡುತ್ತ ತಿರುಗಿದೆವು. ಅದರ ನೆನಪನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮಗೆ ಸಲ್ಲಿಸಿದ ಉತ್ತರದಲ್ಲಿ ಇದಕ್ಕೆ ಜಾಗವಿರಲಿಲ್ಲ.

ಕುಪ್ಪೇಲೂರಿನಲ್ಲಿ ಬಸ್ಸಿಳಿದು ಹೊಲಗಳ ನಡುವೆ ಅರ್ಧ ಗಂಟೆ ನಡೆದರೆ ನಮ್ಮೂರು. ಊರಿಗಿಂತ ಮೊದಲು ಕಣ್ಣಿಗೆ ಬೀಳುವುದು ಹುಡೇವು. ಆರಾಳೆತ್ತರದ, ಮೇಲಕ್ಕೆ ಹೋದಂತೆ ಸಣ್ಣಗಾಗುವ, ದುಂಡನೆಯ ಮಣ್ಣಿನ ಬುರುಜು. ದಂಡು ಬರುವುದನ್ನು ದೂರದಿಂದ ಕಂಡು ಊರನ್ನು ಎಚ್ಚರಿಸಲು ಕಟ್ಟಿದ್ದಂತೆ. ಕಟ್ಟಿಸಿದವನ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಉಳಿಸಿಕೊಂಡು ಬಂದವರಿಗಂತೂ ಕಲ್ಲು ನೆಡಿಸುವ ಯೋಚನೆಯೇ ಬಂದಿರಲಿಲ್ಲ.

ಪ್ರತಿವರ್ಷ ಹೋಳಿ ಹುಣ್ಣಿಮೆ ಕಳೆದು ಯುಗಾದಿ ಬರುವುದರೊಳಗೆ ಊರು ಅದಕ್ಕೆ ಮಣ್ಣು ಮೆತ್ತುತ್ತಿತ್ತು. ಕೆರೆಯ ನೀರು ಹಿಂದೆ ಸರಿದು ಹೂಳು ಸಿಗುವ ಕಾಲ ಅದು. ಮನೆಗೊಂದು ಬುಟ್ಟಿಯಂತೆ ತಮ್ಮ ತಮ್ಮ ಹೊಲದ ಮಣ್ಣು ತರುತ್ತಿದ್ದರು. ಆ ವರ್ಷ ಮದುವೆಯಾಗಿ ಬಂದ ಸೊಸೆಯಂದಿರು ತವರಿನ ಹೊಲದಿಂದ ಒಂದು ಬುಟ್ಟಿ ತರಬೇಕು. ಇದು ಕಟ್ಟುನಿಟ್ಟು. ಮಣ್ಣು ತರದವಳನ್ನು ಮುಂದಿನ ವರ್ಷದ ತನಕ "ಬರಿಗೈಲೆ ಬಂದಾಕಿ" ಎಂದೇ ಕರೆಯುತ್ತಿದ್ದರು. ಹೀಗಾಗಿ ನಮ್ಮ ಹುಡೇವಿನ ಮೈಯಲ್ಲಿ ರಾಣೆಬೆನ್ನೂರು ಸೀಮೆಯ ಕರಿಮಣ್ಣೂ ಬ್ಯಾಡಗಿ ಕಡೆಯ ಕೆಂಪುಮಣ್ಣೂ ಒಂದರ ಮೇಲೊಂದು ಪದರಾಗಿ ಕುಳಿತಿವೆ. ವಿಶ್ವವಿದ್ಯಾಲಯದಲ್ಲಿ ಎರಡು ವರ್ಷ ಇತಿಹಾಸ ಓದಿದ ನಾನು ಇದಕ್ಕಿಂತ ನಂಬಿಗಸ್ತ ದಾಖಲೆಯನ್ನು ಕಂಡಿಲ್ಲ.

ಆ ಮಣ್ಣಿಗೆ ಹೂಳು, ಗೋದಿಯ ಹೊಟ್ಟು, ಸಗಣಿ, ಕಳ್ಳಿಯ ಲೋಳೆ ಸೇರಿಸಿ ದಿನಗಟ್ಟಲೆ ತುಳಿಯುತ್ತಾರೆ. ಹದ ಬಂತೋ ಇಲ್ಲವೋ ಎಂದು ಹೇಳುವವಳು ದೊಡ್ಡವ್ವ, ನನ್ನ ಅಪ್ಪನ ಅಣ್ಣನ ಹೆಂಡತಿ. ಅವಳ ತವರು ಕದರಮಂಡಲಗಿ. ನಾನು ಹುಟ್ಟುವ ಮೊದಲಿನಿಂದಲೂ ಆ ಅಧಿಕಾರ ಅವಳದು. ಒಂದು ಮುಷ್ಟಿ ರಾಡಿಯನ್ನು ಗೋಡೆಗೆ ಬಡಿದು, ಅದರ ಮೇಲೆ ಅಂಗೈ ಒತ್ತಿ, ಉಸಿರು ಹಿಡಿದು, ಕೈ ತೆಗೆಯುತ್ತಾಳೆ. ಅಂಗೈಗೆ ಮಣ್ಣು ಹತ್ತದೆ ಅಂಗೈಯ ಗೆರೆಗಳೆಲ್ಲ ಗೋಡೆಯ ಮೇಲೆ ಉಳಿದರೆ ಹದ ಬಂದಂತೆ. ಕೈಗೆ ಮಣ್ಣು ಮೆತ್ತಿಕೊಂಡು ಬಂದರೆ ಊರ ಗೌಡನೇ ಎದುರು ನಿಂತರೂ "ತುಳೀರಿ ಇನ್ನ" ಎನ್ನುತ್ತಾಳೆ. ತುಳಿಯುತ್ತಾರೆ.

ಇನ್ನು ನನ್ನ ತಪ್ಪು. ಅದನ್ನು ಮುಚ್ಚಿಟ್ಟು ನಿಮ್ಮ ಮೇಲೆ ಬೆರಳು ತೋರಿಸಿದರೆ ನಾನೂ ನಿಮ್ಮ ಸಾಲಿನಲ್ಲೇ ಕುಳಿತಂತೆ. ಧಾರವಾಡದಲ್ಲಿ ಓದುತ್ತಿದ್ದಾಗ, ನಮ್ಮ ಹುಡೇವನ್ನು ಸಂರಕ್ಷಿತ ಸ್ಮಾರಕವೆಂದು ಘೋಷಿಸಬೇಕೆಂದು ನಾಲ್ಕು ಪುಟಗಳ ಅರ್ಜಿ ಬರೆದವಳು ನಾನೇ. ಊರವರ ಸಹಿ ಕೂಡಿಸಿದವಳೂ ನಾನೇ. ವರ್ಷ ಕಳೆದು ನೀಲಿ ಹಲಗೆ ಬಂತು. ಮುಟ್ಟಿದರೆ ಶಿಕ್ಷೆ ಎಂದು ಅದರ ಮೇಲೆ ಬರೆದಿತ್ತು. ಆ ವರ್ಷ ಹುಡೇವಿಗೆ ಮಣ್ಣು ಬೀಳಲಿಲ್ಲ. ಮರುವರ್ಷ ಗುತ್ತಿಗೆದಾರನ ಲಾರಿಯಲ್ಲಿ ಸಿಮೆಂಟು ಬಂತು. ಊರು ಚಪ್ಪಾಳೆ ತಟ್ಟಿತು. ಬೂದು ಬಣ್ಣದ ನುಣ್ಣನೆಯ ಹುಡೇವಿನ ಮುಂದೆ ನಿಂತು ನಾನು ಫೋಟೋ ತೆಗೆಸಿಕೊಂಡೆ. ದೊಡ್ಡವ್ವ ಮಾತ್ರ ದೂರ ನಿಂತು, "ಉಸಿರಾಡಾಕ ಜಾಗ ಎಲ್ಲಿ ಬಿಟ್ಟಾರ?" ಎಂದು ಕೇಳಿದ್ದಳು. ಅವಳಿಗೆ ಆಧುನಿಕ ತಂತ್ರಜ್ಞಾನದ ಬಗ್ಗೆ ತಿಳಿಸಿ ಹೇಳಿದ್ದೆ. ಅದನ್ನು ನೆನೆದರೆ ಈಗಲೂ ಮುಖ ಕಾಯುತ್ತದೆ.

ಮಳೆಗಾಲ ಬಂತು. ನೆತ್ತಿಯಿಂದ ಒಳಗಿಳಿದ ನೀರಿಗೆ ಹೊರಬರಲು ದಾರಿ ಇರಲಿಲ್ಲ. ಪಡುವಣ ಮಗ್ಗುಲಲ್ಲಿ ಗೋಡೆ ಬಸುರಿಯ ಹೊಟ್ಟೆಯಂತೆ ಉಬ್ಬಿತು. ನಿಮ್ಮ ಕಚೇರಿಗೆ ಊರಿನಿಂದ ಎರಡು ಬಾರಿ ಪತ್ರ ಹೋಯಿತು. ಉತ್ತರ ಬರಲಿಲ್ಲ. ಚಳಿಗಾಲ ಶುರುವಾದರೂ ಗೋಡೆ ಒಣಗಲಿಲ್ಲ. ಒಂದು ಮುಂಜಾನೆ ದೊಡ್ಡವ್ವ ಉಳಿ ತೆಗೆದುಕೊಂಡು ಹೋಗಿ ಉಬ್ಬಿನ ಬುಡದಲ್ಲಿ ಅಂಗೈಯಗಲ ಸಿಮೆಂಟು ಕೆತ್ತಿದಳು. ಒಳಗಿನಿಂದ ನಾಲ್ಕು ದಿನ ಕೆಂಪು ನೀರು ಜಿನುಗಿತು. ಆ ತೂತಿನ ಸುತ್ತ ಅವಳು ಮಣ್ಣು ಮೆತ್ತಿದಳು. ಅದರ ಫೋಟೋ ಯಾರ ಮೂಲಕವೋ ನಿಮ್ಮನ್ನು ತಲುಪಿತು. ಎರಡು ಪತ್ರಗಳಿಗೆ ಎಚ್ಚರಗೊಳ್ಳದ ಕಚೇರಿ ಒಂದು ಫೋಟೋಕ್ಕೆ ಎಚ್ಚರಗೊಂಡಿತು. "ಯಾವ ತಜ್ಞತೆಯ ಆಧಾರದ ಮೇಲೆ ಸದರಿ ಕೃತ್ಯ ಎಸಗಿದಿರಿ?" ನೋಟೀಸಿನ ಈ ಸಾಲನ್ನು ನಾನು ಅವಳಿಗೆ ಮೂರು ಸಲ ಓದಿ ಹೇಳಬೇಕಾಯಿತು.

ಅಂದಿನಿಂದ ಅವಳು ಗೋಡೆಗಳ ಹತ್ತಿರ ಹೋದಾಗಲೆಲ್ಲ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳತೊಡಗಿದಳು. ಸ್ವಂತ ಮನೆಯ ಗೋಡೆಯಾದರೂ ಸರಿ.

ಅದನ್ನು ನೋಡಲಾರದೆ ಅಣ್ಣನ ಹಳೆಯ ಕಾರು ಕೇಳಿ ತಂದೆ. ನಮ್ಮ ಸೀಮೆಯ ಕೋಟೆಗಳನ್ನು ಅವಳಿಗೆ ತೋರಿಸಬೇಕು, ಅವಳು ಹೇಳಿದ್ದನ್ನು ಬರೆದುಕೊಳ್ಳಬೇಕು, ಮೂರನೆಯ ದಿನ ಹಾವೇರಿಯಲ್ಲಿ ಉತ್ತರ ಸಲ್ಲಿಸಬೇಕು. ನೋಟೀಸು ಕೇಳಿದ ತಜ್ಞತೆಯನ್ನು ಅವಳ ಬಾಯಿಂದಲೇ ಬರೆದು ಕೊಡುವುದು ನನ್ನ ಲೆಕ್ಕಾಚಾರವಾಗಿತ್ತು. ಅವಳು ಬುತ್ತಿ ಕಟ್ಟಿಕೊಂಡು ಹತ್ತಿ ಕುಳಿತಳು. ನಾಲ್ಕು ರೊಟ್ಟಿ ಸಾಲದೇ ಎಂದರೆ ನಲವತ್ತು ಕಟ್ಟಿದ್ದಳು.

ಮೊದಲ ತಿರುವಿನಲ್ಲೇ ಗಾಡಿ ಎರಡು ಸಲ ನಿಂತಿತು.

"ಏನವ್ವಾ, ಈ ಗಾಡಿ ಪೆಟ್ರೋಲ್ ಮ್ಯಾಲ ಓಡತೈತೋ, ನಿನ್ನ ಎಮ್ಮೆ ಮ್ಯಾಲೋ?"

"ಅದು ಎಂ.ಎ. ದೊಡ್ಡವ್ವಾ."

"ಹೂಂ, ಅದ. ಎಮ್ಮೆ ಆದ್ರ ಇಷ್ಟೊತ್ತಿಗಿ ಮನಿ ಮುಟ್ಟಿರತಿತ್ತು."

ರಾಣೆಬೆನ್ನೂರು ದಾಟಿದ ಮೇಲೆ ಕುರುಚಲು ಬಯಲು ತೆರೆದುಕೊಂಡಿತು. ಒಂದು ಕಡೆ ಕೃಷ್ಣಮೃಗಗಳ ಹಿಂಡು ರಸ್ತೆಯಂಚಿಗೆ ಬಂದು ನಮ್ಮನ್ನು ನೋಡಿ, ನೆಲಕ್ಕೆ ಕಾಲು ತಾಗಿಸದಂತೆ ಹಾರಿ ಹೋಯಿತು. ಗಾಡಿ ನಿಲ್ಲಿಸಿ ನೋಡುತ್ತ ಕುಳಿತೆವು. ಜೋಳದ ಹೊಲಗಳು ತೆನೆ ತೂಗುತ್ತಿದ್ದವು. ಇಷ್ಟು ಚೆಲುವನ್ನು ಮನೆಯ ಹಿತ್ತಲಲ್ಲಿಟ್ಟುಕೊಂಡು ನಾವು ಯಾರಿಗೂ ಹೇಳಿಕೊಂಡಿಲ್ಲವಲ್ಲ ಎಂದು ನನಗೆ ಹೆಮ್ಮೆಯೂ ಸಿಟ್ಟೂ ಒಟ್ಟಿಗೇ ಬಂದವು.

ಐರಣಿಯ ಕೋಟೆಗೆ ತುಂಗಭದ್ರೆಯ ಗಾಳಿ ನೇರವಾಗಿ ಬಡಿಯುತ್ತದೆ. ನಾನು ಕೈಯಲ್ಲಿ ಪುಸ್ತಕ ಹಿಡಿದು ಯಾರು ಆಳಿದರು, ಯಾರು ಮುತ್ತಿದರು ಎಂದು ಹೇಳಲು ಹೊರಟೆ. ದೊಡ್ಡವ್ವ ಕೇಳಿಸಿಕೊಳ್ಳಲಿಲ್ಲ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಯುದ್ದಕ್ಕೂ ಬುಡದತ್ತ ನೋಡುತ್ತ ನಡೆದಳು. ಅರ್ಧ ದಾರಿಯಲ್ಲಿ ನಿಂತು ಗದ್ದದಿಂದಲೇ ತೋರಿಸಿದಳು.

"ಇಲ್ನೋಡು. ನೀರಿಗಿ ದಾರಿ ಬಿಟ್ಟಾರ."

ನಾನು ಬಗ್ಗಿ ನೋಡಿದೆ. ಎರಡು ಕಲ್ಲುಗಳ ನಡುವೆ ಬೆರಳು ತೂರುವಷ್ಟು ಸಂದು ಇತ್ತು. ಒಳಗಿನಿಂದ ಒಂದು ಹಲ್ಲಿ ಇಣುಕಿ ಮತ್ತೆ ಒಳಗೆ ಸರಿಯಿತು.

"ಆಕಿ ಮನಿಗಿ ಕದಾ ಬಡದಿ ನೋಡು," ಎಂದಳು ದೊಡ್ಡವ್ವ. ಆಮೇಲೆ ಗಂಭೀರವಾದಳು. "ಗೋಡಿಯೊಳಗ ನೀರು ಹೋಗೂದನ್ನ ತಡೀಯಾಕ ಆಗೂದಿಲ್ಲ. ಹೊರಗ ಬರೂದನ್ನ ತಡೀಬಾರದು. ಕಟ್ಟಿದವ್ರಿಗಿ ಗೊತ್ತಿತ್ತು."

ಈ ಮಾತನ್ನು ಹಾಗೆಯೇ ಬರೆದುಕೊಂಡೆ. ತರಗತಿಯಲ್ಲಿ ಕೋಟೆಗಳ ಬಗ್ಗೆ ಎಷ್ಟೋ ಪಾಠ ಕೇಳಿದ್ದೆ. ಗೋಡೆಯನ್ನು ನೀರಿನ ಕಡೆಯಿಂದ ನೋಡಲು ಯಾರೂ ಕಲಿಸಿರಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಮೋಟೆಬೆನ್ನೂರಿನಲ್ಲಿ ಚಹಾ ಕುಡಿದೆವು. ಪಕ್ಕದಲ್ಲಿ ಹೆದ್ದಾರಿಯ ಲಾರಿಗಳು ಭೋರೆನ್ನುತ್ತಿದ್ದವು. ಸ್ವಾತಂತ್ರ್ಯದ ಹೋರಾಟದಲ್ಲಿ ಈ ಊರಿನವರು ಸರ್ಕಾರಕ್ಕೆ ಎದುರು ನಿಂತದ್ದನ್ನು ಹೇಳಿದೆ. ದೊಡ್ಡವ್ವ ಬಸಿಯಿಂದ ಚಹಾ ಹೀರಿ, "ಆಗಿನ ಸರ್ಕಾರಕ್ಕ ನೋಟೀಸು ಬರಿಯಾಕ ಬರ್ತಿತ್ತೇನು?" ಎಂದು ಕೇಳಿದಳು.

"ಬರ್ತಿತ್ತು. ಜೈಲಿಗೂ ಹಾಕ್ತಿತ್ತು."

"ಹಂಗಾದ್ರ ನಂದೇನೂ ದೊಡ್ಡದಲ್ಲ ಬಿಡು," ಎಂದಳು. ದಂಡವೋ ಕೋರ್ಟೋ ಎಂಬ ಅಂಜಿಕೆ ಅವಳಿಗಿರಲಿಲ್ಲ. ಈ ವರ್ಷವೂ ಮೆತ್ತಲು ಬಿಡದಿದ್ದರೆ ಬರುವ ಮಳೆಗೆ ಹುಡೇವು ಕುಳಿತುಬಿಡುತ್ತದೆ ಎಂಬುದೊಂದೇ ಅವಳ ಚಿಂತೆ. ಹಿಂದಿನ ರಾತ್ರಿ ಊಟಕ್ಕೆ ಕುಳಿತಾಗ ಅದನ್ನೇ ಎರಡು ಸಲ ಹೇಳಿದ್ದಳು.

ಬ್ಯಾಡಗಿಯ ಹೊರಗೆ ಕಣ್ಣು ಹಾಯುವವರೆಗೂ ಮೆಣಸಿನಕಾಯಿ ಹರವಿದ್ದರು. ಗಾಡಿಯ ಕಿಟಕಿ ಮುಚ್ಚಿದರೂ ಸೀನು ನಿಲ್ಲಲಿಲ್ಲ. ಆ ಕೆಂಪಿನ ನಡುವೆ ಹೆಂಗಸರು ಬರಿಗಾಲಲ್ಲಿ ನಡೆಯುತ್ತ, ಕಾಲಿನಿಂದಲೇ ಕಾಯಿ ಹೊರಳಿಸುತ್ತಿದ್ದರು. "ನೋಡು, ಅವ್ರ ಕಾಲಿಗಿ ಒಣಗಿದ್ದು ಯಾವ್ದು, ಹಸೀದು ಯಾವ್ದು ಅಂತ ಗೊತ್ತಾಗತೈತಿ," ಎಂದಳು ದೊಡ್ಡವ್ವ. ಆ ಹೆಂಗಸರ ಕಾಲಿನ ಅರಿವಿಗೆ ಪ್ರಮಾಣಪತ್ರ ಕೇಳಿದವರು ಯಾರೂ ಇಲ್ಲ. ಅದನ್ನು ನಂಬಿಯೇ ದೇಶಕ್ಕೆಲ್ಲ ಮೆಣಸಿನಕಾಯಿ ಹೋಗುತ್ತದೆ.

ಕದರಮಂಡಲಗಿಯಲ್ಲಿ ಆಂಜನೇಯನಿಗೆ ಕೈಮುಗಿದು, ತವರಿನಲ್ಲಿ ಊಟ ಮುಗಿಸಿ ಹೊರಟೆವು. ಸ್ವಲ್ಪ ದೂರದ ಒಂದು ಹಳ್ಳಿಯಲ್ಲಿ ಹುಡೇವು ಇದೆಯೆಂದು ಅವಳ ತಮ್ಮ ಹೇಳಿದ್ದ. ಆ ಹಳ್ಳಿಯ ಹೆಸರನ್ನು ನಾನು ಬರೆಯುವುದಿಲ್ಲ. ಬರೆದರೆ ಅಲ್ಲಿಗೂ ನೀಲಿ ಹಲಗೆ ಬಂದೀತು.

ಆ ಹುಡೇವು ನಮ್ಮದಕ್ಕಿಂತ ಚಿಕ್ಕದು. ಆದರೆ ಮೈಯಲ್ಲಿ ಒಂದೇ ಒಂದು ಉಬ್ಬಿಲ್ಲ. ಅಕಾಲದ ಮಳೆಗೆ ಒಂದು ಮೂಲೆ ಕರಗಿತ್ತು. ಏಳೆಂಟು ಹೆಂಗಸರು ಅದಕ್ಕೆಂದೇ ರಾಡಿ ತುಳಿಯುತ್ತಿದ್ದರು. ದೊಡ್ಡವ್ವ ಕೈ ಹಿಂದೆ ಕಟ್ಟಿಕೊಂಡು ದೂರದಲ್ಲೇ ನಿಂತಳು. ಬೊಚ್ಚುಬಾಯಿಯ ಅಜ್ಜಿಯೊಬ್ಬಳು ಅಳೆಯುವಂತೆ ನೋಡಿದಳು.

"ಯಾಕವ್ವಾ, ಕೈ ಹಿಂದ ಕಟ್ಟಿ ನಿಂತೀ? ಶಾಲಿ ತಪಾಸಣಿಗಿ ಬಂದೀಯೇನು?"

"ನನ್ನ ಕೈಗಿ ನೋಟೀಸು ಬಂದೈತಿರಿ."

"ಕೈಗಿ ನೋಟೀಸು?" ಅಜ್ಜಿ ತುಳಿಯುವುದನ್ನು ನಿಲ್ಲಿಸಿದಳು. "ಏನ ಕದ್ದೀ?"

ದೊಡ್ಡವ್ವ ನಡೆದದ್ದನ್ನು ಹೇಳಿದಳು. ಸಿಮೆಂಟಿನ ಮಾತು ಬಂದಾಗ ಹೆಂಗಸರು "ಅಯ್ಯ ಶಿವನ!" ಎಂದರು. ನೋಟೀಸಿನ ಮಾತು ಬಂದಾಗ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. ಒಂದು ಮುಷ್ಟಿ ರಾಡಿ ತೆಗೆದು ಎದುರಿಗೆ ಹಿಡಿದಳು.

"ಆ ನೋಟೀಸು ನಮ್ಮೂರ ಸೀಮಿ ದಾಟಿ ಬರೂದಿಲ್ಲ. ಹದ ನೋಡಿ ಹೇಳು. ಮೂರು ದಿನ ಆತು, ಇವ್ರೆಲ್ಲ ಬಂತು ಬಂತು ಅಂತಾರ, ನನಗ ಯಾಕೋ ಖರೇ ಅನಸವಲ್ದು."

ದೊಡ್ಡವ್ವ ನನ್ನ ಕಡೆ ನೋಡಿದಳು. ನಾನು ತಲೆಯಾಡಿಸಿದೆ. ಬೆನ್ನ ಹಿಂದಿನಿಂದ ಕೈಗಳು ಮೆಲ್ಲನೆ ಮುಂದೆ ಬಂದವು. ರಾಡಿಯನ್ನು ತೆಗೆದುಕೊಂಡು, ಮೂಸಿ, ಹಿಚುಕಿ, ಗೋಡೆಗೆ ಬಡಿದಳು. ಅಂಗೈ ಒತ್ತಿದಳು. ಕೈ ತೆಗೆದಾಗ ಅಂಗೈಯ ತುಂಬ ಮಣ್ಣಿತ್ತು.

"ಆಗಿಲ್ಲ. ಇನ್ನೆರಡು ಬುಟ್ಟಿ ಹೊಟ್ಟು ಹಾಕ್ರಿ. ಲಗೂ ಲಗೂ ತುಳೀರಿ."

"ನೋಡು, ನಾ ಹೇಳಿದ್ದಿಲ್ಲಾ!" ಎಂದು ಅಜ್ಜಿ ಉಳಿದವರನ್ನು ಛೇಡಿಸಿದಳು. ದೊಡ್ಡವ್ವ ಸೀರೆಯ ಸೆರಗು ಸಿಕ್ಕಿಸಿ ತಾನೂ ರಾಡಿಗೆ ಇಳಿದಳು. ನನ್ನನ್ನೂ ಎಳೆದಳು. ಇಳಿಬಿಸಿಲು ಬೀಳುವ ಹೊತ್ತಿಗೆ ಎರಡನೆಯ ಸಲ ಅಂಗೈ ಒತ್ತಿ ತೆಗೆದಳು. ಗೋಡೆಯ ಮೇಲೆ ಐದು ಬೆರಳು, ಅಂಗೈಯ ಗೆರೆಗಳು, ಹೆಬ್ಬೆರಳ ಬುಡದ ಹಳೆಯ ಗಾಯದ ಗುರುತು ಎಲ್ಲವೂ ಉಳಿದವು. ಕೈ ಸ್ವಚ್ಛವಾಗಿತ್ತು.

ಅಜ್ಜಿ ಆ ಗುರುತನ್ನು ನೋಡಿ ನನಗೆ ಹೇಳಿದಳು: "ಕುಪ್ಪೇಲೂರ ಕಡಿಯಿಂದ ಬಂದ ಸೊಸಿ ತಂದ ಮಣ್ಣೂ ಇದರಾಗ ಐತಿ. ನಿಮ್ಮೂರದೂ ಇರಬೇಕು, ಯಾರಿಗಿ ಗೊತ್ತು."

ಅಂದರೆ ತವರಿನ ಬುಟ್ಟಿಯ ಕಟ್ಟಳೆ ನಮ್ಮೂರಿನದು ಮಾತ್ರವಲ್ಲ. ಬೇರೆ ಊರುಗಳ ಹುಡೇವುಗಳಲ್ಲೂ ನಮ್ಮ ಹೊಲಗಳು ನಿಂತಿವೆ. ನನ್ನ ಬದುಕಿನಲ್ಲಿ ಅಷ್ಟು ಹೆಮ್ಮೆಪಟ್ಟ ಸಂಜೆ ಇನ್ನೊಂದಿಲ್ಲ. ಪದವಿಯ ದಿನ ತೊಟ್ಟ ನಿಲುವಂಗಿಗಿಂತ ಮೊಣಕಾಲಿನವರೆಗೆ ಒಣಗಿದ ಆ ರಾಡಿ ನನಗೆ ಭಾರವಾಗಿತ್ತು, ಚೆಲುವಾಗಿತ್ತು.

ಹಾವೇರಿಯ ದಾರಿಯಲ್ಲಿ ನಾನು ಒಪ್ಪಿಕೊಂಡೆ. "ದೊಡ್ಡವ್ವಾ, ಆ ಹಲಗಿ ತರಿಸಿದ್ದು ನಾನು. ಅರ್ಜಿ ಬರದದ್ದು ನಾನು."

"ಗೊತ್ತೈತಿ. ಅದರ ಮ್ಯಾಲ ಮೊದಲನೇ ಹೆಬ್ಬೆಟ್ಟು ಯಾರ್ದು?"

ನೆನಪಾಯಿತು. ಅವಳದೇ.

"ನನ್ನ ಮಗಳು ಬರದಾಳ ಅಂತ ಒತ್ತಿದ್ದೆ. ಇಬ್ಬರೂ ಕೂಡೇ ತಪ್ಪ ಮಾಡೇವಿ. ಈಗ ಇಬ್ಬರೂ ಕೂಡಿ ಸುಧಾರಸೂಣು. ನೀ ಮೊದಲ ರಸ್ತಾ ನೋಡಿ ಗಾಡಿ ಹೊಡಿ."

ಮೂರನೆಯ ದಿನ ಬೆಳಿಗ್ಗೆ ಬಂಕಾಪುರದ ಕಂದಕದಲ್ಲಿ ನವಿಲುಗಳು ಕೂಗುತ್ತಿದ್ದವು. ಕಂಬಗಳ ಗುಡಿಯಲ್ಲಿ ದೊಡ್ಡವ್ವ ಒಂದೊಂದು ಕಂಬದ ಮುಂದೆಯೂ ನಿಂತಳು. ಪ್ರವಾಸಕ್ಕೆ ಬಂದ ಕಾಲೇಜು ಹುಡುಗಿಯರು ಕೋಟೆಯ ಗೋಡೆ ಇಷ್ಟು ವರ್ಷ ಹೇಗೆ ನಿಂತಿತೆಂದು ತಮ್ಮೊಳಗೆ ಮಾತಾಡುತ್ತಿದ್ದರು. ಅವಳು ತಾನಾಗಿಯೇ ಹತ್ತಿರ ಹೋಗಿ ನೀರು, ಉಸಿರು, ಪದರು ಎಂದು ಹೇಳತೊಡಗಿದಳು. ಹುಡುಗಿಯರು ಬರೆದುಕೊಂಡರು. ಒಬ್ಬಳು, "ನೀವು ಯಾವ ಕಾಲೇಜಿನ ಮೇಡಂ ರಿ?" ಎಂದು ಕೇಳಿದಳು. ದೊಡ್ಡವ್ವ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದಳು. ಆಗ ಅವಳ ಕೈಗಳು ಗಾಳಿಯಲ್ಲಿ ಗೋಡೆ ಕಟ್ಟುತ್ತಿದ್ದವು. ಹಿಂದೆ ಕಟ್ಟಿಕೊಳ್ಳುವುದನ್ನು ಮರೆತಿದ್ದಳು.

ಮಧ್ಯಾಹ್ನ ಹಾವೇರಿಗೆ ಮರಳಿ ನಿಮ್ಮ ಕಚೇರಿಗೆ ಬಂದೆವು. ಹನ್ನೊಂದು ಪುಟಗಳ ಉತ್ತರವನ್ನು ಗುಮಾಸ್ತರು ಹಿಂದೆ ಮುಂದೆ ತಿರುಗಿಸಿ, "ಈಕಿ ತಜ್ಞರು ಅನ್ನಾಕ ಸರ್ಟಿಫಿಕೇಟ್ ಏನರ ಐತೇನ್ರಿ? ಇದ್ರ ಹಚ್ಚಿ ಕೊಡ್ರಿ," ಎಂದರು.

ನಾನು ಉರಿದು ಮಾತಾಡುವುದರೊಳಗೆ ದೊಡ್ಡವ್ವ ಮೇಜಿನ ಮೇಲೆ ಎರಡೂ ಅಂಗೈ ಊರಿ ಬಗ್ಗಿದಳು.

"ಸಿಮೆಂಟ್ ಬಳಿದವ್ರ ಸರ್ಟಿಫಿಕೇಟು ನಿಮ್ಮ ಹತ್ರ ಇರತೈತಲ್ರಿ. ಅದನ್ನ ತೋರಿಸ್ರಿ. ಅಂಥಾದ್ದ ಒಂದು ನಾನೂ ಮಾಡಿಸ್ಕೊಂಡು ಬರ್ತೇನಿ."

ಗುಮಾಸ್ತರು ಕಪಾಟಿನ ಕಡೆ ನೋಡಿದರು. ಒಳಗಿನ ಕೋಣೆಯ ಕಡೆ ನೋಡಿದರು. ಕೊನೆಗೆ ಸ್ವೀಕೃತಿಯ ಮೊಹರು ಒತ್ತಿದರು. ಹೊರಗೆ ಬಂದು ಬೇವಿನ ನೆರಳಲ್ಲಿ ಕೊನೆಯ ರೊಟ್ಟಿಗಳನ್ನು ತಿಂದೆವು. "ಅವನ ಮೊಹರೂ ಹದ ಇಲ್ಲ, ಮಸಿ ಹರಿದೈತಿ," ಎಂದಳು ದೊಡ್ಡವ್ವ, ಕಾಗದವನ್ನು ಬಿಸಿಲಿಗೆ ಹಿಡಿದು.

ಮೊಹರು ಬಿದ್ದು ಮೂರು ವಾರ ಕಳೆದಿವೆ. ಹುಡೇವಿನ ಉಬ್ಬು ಇನ್ನೂ ಒಂದು ಬೆರಳಿನಷ್ಟು ಮುಂದೆ ಬಂದಿದೆ. ನಿಮ್ಮಿಂದ ಒಂದು ಸಾಲೂ ಬಂದಿಲ್ಲ.

ಆದ್ದರಿಂದ ಮಾನ್ಯರೇ, ಸಾರ್ವಜನಿಕವಾಗಿ ಮತ್ತು ವಿಧಿವತ್ತಾಗಿ ನಿಮ್ಮನ್ನು ಕೋರುತ್ತೇನೆ. ನನ್ನ ದೊಡ್ಡವ್ವನ ಮೇಲಿನ ನೋಟೀಸನ್ನು ಲಿಖಿತವಾಗಿ ಹಿಂತೆಗೆದುಕೊಳ್ಳಿ. ಮಣ್ಣಿನ ಗೋಡೆಗೆ ಸಿಮೆಂಟು ಬಳಿಯಲು ಯಾವ ತಜ್ಞತೆಯ ಆಧಾರದ ಮೇಲೆ ಯಾರು ಅನುಮತಿ ನೀಡಿದರೆಂದು, ಅವಳನ್ನು ಕೇಳಿದ ಅದೇ ಮಾತಿನಲ್ಲಿ, ಅದೇ ಹದಿನೈದು ದಿನಗಳ ಗಡುವಿನಲ್ಲಿ ತಿಳಿಸಿ. ಗೋಡೆಗೆ ಆಸರೆ ಕೊಟ್ಟು, ಆ ಸಿಮೆಂಟನ್ನು ಅವಳ ಕಣ್ಣೆದುರಿನಲ್ಲಿ, ಅವಳು ಹೇಳಿದ ಕ್ರಮದಲ್ಲಿ ತೆಗೆಸಿ. ಹುಡೇವಿಗೆ ಮಣ್ಣು ಮೆತ್ತುವ ಊರಿನ ಹಕ್ಕನ್ನು ಮರಳಿ ಕೊಡಿ. ನೀಲಿ ಹಲಗೆ ಇರಲಿ, ಅದರ ಮೇಲಿನ ಮಾತು ಬದಲಾಗಲಿ. ನಾನು ಬರೆದ ಅರ್ಜಿಯಲ್ಲಿ ಮಣ್ಣು ಮೆತ್ತುವವರ ಬಗ್ಗೆ ಒಂದು ಸಾಲೂ ಇರಲಿಲ್ಲ. ಆ ಲೋಪಕ್ಕೆ ನಾನು ಉತ್ತರದಾಯಿ, ಮತ್ತು ಇದು ಆ ಉತ್ತರ.

ಹೋಳಿ ಹುಣ್ಣಿಮೆಯ ಮರುದಿನ ಕೆರೆಯಂಗಳದಲ್ಲಿ ಊರು ಸೇರಲಿದೆ. ಈ ಸಲ ಸೊಸೆಯಾಗಿ ಬಂದ ಇಬ್ಬರು ತವರಿನ ಮಣ್ಣು ತಂದು ಜಗಲಿಯ ಮೇಲೆ ಇಟ್ಟಿದ್ದಾರೆ. ಅಷ್ಟರೊಳಗೆ ನಿಮ್ಮ ಉತ್ತರವನ್ನು ದೊಡ್ಡವ್ವನ ವಿಳಾಸಕ್ಕೆ, ಹೊಣೆಗಾರರ ಸಹಿಯೊಂದಿಗೆ ಕಳುಹಿಸಬೇಕೆಂದು ವಿನಂತಿ. ಓದಿ ಹೇಳುವ ಕೆಲಸ ನನ್ನದು.